ಸ್ಪೀಕರಿನ ಮೇಲಿಟ್ಟ ಅಂಗೈ

ದಾಂಡೇಲಿಯ ನನ್ನ ಗೆಳೆಯ ಜೀಪುಗಳಿಗೆ ಸ್ಪೀಕರ್ ಕೂಡಿಸುವ ಮೆಕ್ಯಾನಿಕ್. ಒಮ್ಮೆ ಸೂಪಾ ಅಣೆಕಟ್ಟು ನೋಡಲು ಬಂದವರ ಕಾರಿನ ಸ್ಟೀರಿಯೊ ಕೆಟ್ಟು ಅವನ ಅಂಗಡಿಗೆ ಬಂತು. ರಿಪೇರಿ ಮಾಡಿ ಹಚ್ಚಿದಾಗ, ಅದರಲ್ಲೇ ಉಳಿದಿದ್ದ ಪೆನ್‌ಡ್ರೈವಿನಿಂದ ಇಂಗ್ಲೆಂಡಿನ ಯಾವುದೋ ತಂಡದ ಹಾಡು ಹೊರಟಿತು. ಅವಸರವಿಲ್ಲದ ಡ್ರಮ್ಮು, ಅದರ ಕೆಳಗೆ ಎದೆಗೆ ತಾಗುವ ಬೇಸಿನ ದಪ್ಪ ದನಿ, ಎಲ್ಲದರ ಮೇಲೆ ಒಬ್ಬ ಹೆಂಗಸಿನ ದನಿ, ಅತ್ತು ಸಾಕಾದ ಮೇಲೆ ಮಾತಿಗೆ ಕೂತಂತೆ. ಹಳಿಯಾಳದಿಂದ ಅವನನ್ನು ಕಾಣಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಹಾಡು ಮುಗಿಯುವವರೆಗೆ ಮಾತಾಡಲಿಲ್ಲ. ಕಾರಿನವರನ್ನು ಕೇಳಿ ಅವನು ಎಲ್ಲ ಹಾಡುಗಳನ್ನೂ ಇಳಿಸಿಕೊಂಡ.

ಅಂಗಡಿಯಲ್ಲಿ ಅವನ್ನು ಹಚ್ಚಿದರೆ, ನಿದ್ದೆ ಬರುತ್ತದೆಂದು ಗಿರಾಕಿಗಳು ನಕ್ಕರು. ಆಮೇಲೆ ಜೋಯಿಡಾ ಕಡೆಯ ರೆಸಾರ್ಟುಗಳೇ ಅಂಥ ನಿಧಾನದ ಹಾಡು ಕೇಳತೊಡಗಿದವು. ಅದಕ್ಕೆ ಡೌನ್‌ಟೆಂಪೊ ಎಂಬ ಹೆಸರಿರುವುದು ನಮಗೆ ಗೊತ್ತಾದದ್ದೂ ಅಲ್ಲಿಯೇ. ಹಾಡು ಆರಿಸಿಕೊಡಲು ಇವನನ್ನೇ ಕರೆಯುತ್ತಿದ್ದರು. ಅವನು ಅಷ್ಟು ಹಿಗ್ಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅದೇ ವರ್ಷ, ನಾನು ಹೇಳಿದ್ದನ್ನೇ ಮತ್ತೆ ಹೇಳು ಎಂದು ಅವನು ಕೇಳತೊಡಗಿದ. ಹುಬ್ಬಳ್ಳಿಯ ಡಾಕ್ಟರು ಕಿವಿಯ ನರ ಸಾಯುತ್ತಿದೆ ಅಂದರು. ಸಣ್ಣ ದನಿ ಮೊದಲು ಹೋಗುತ್ತದೆ, ದಪ್ಪ ದನಿ ಕೊನೆಗೆ. ಕಿವಿಗೆ ಮಷೀನು ಹಾಕಿದರೂ ಕೆಲವು ದಿನದ ಮಾತಂತೆ. ಇಬ್ಬರೂ ಬಸ್ಸಿನಲ್ಲಿ ವಾಪಸು ಬರುವಾಗ, ಹೆಂಡತಿಗೆ ಹೇಳಬೇಡ ಎಂದಷ್ಟೇ ಅಂದ.

ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ ಆ ತಂಡದ ಹಾಡು ಹಚ್ಚಿ, ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತಿದ್ದ.

"ಆಕಿ ಯಾಕ ಹಾಡವಲ್ಲಳು?" ಎಂದು ಕೇಳಿದ.

ಅವಳು ಹಾಡುತ್ತಲೇ ಇದ್ದಳು. ಅವನು ನನ್ನ ಮುಖವನ್ನೇ ನೋಡಿದ.

"ಖರೇ ಹೇಳು. ಹಾಡಾಕತ್ತಾಳೇನು?"

ಹೂಂ ಎಂದು ತಲೆಯಾಡಿಸಿದೆ. ಅವನು ಸ್ಪೀಕರಿನಿಂದ ಅಂಗೈ ತೆಗೆದ.

"ಮನ್ಯಾಗ ಹೆಂಡ್ತಿ ದನಿನೂ ಹಿಂಗ ಆಗೇತಿ. ನಾ ಆಕಿ ನನ್ನ ಮ್ಯಾಲೆ ಸಿಟ್ಟಾಗ್ಯಾಳ ಅಂತ ಮಾಡಿದ್ದೆ."

ಬೇಸಿಗೆಯೊಳಗೆ ಬೇಸೂ ಹೋಯಿತು. ಅಂಗಡಿ ಮುಚ್ಚಿದ. ರೆಸಾರ್ಟಿನವರು ತಮ್ಮ ಫೋನಿನಿಂದಲೇ ಹಾಡು ಹಾಕಿಕೊಂಡರು, ಅವನ ಸುದ್ದಿ ಯಾರೂ ಕೇಳಲಿಲ್ಲ.

ಈಗ ಮುಂಡಗೋಡಿನಲ್ಲಿ ತಮ್ಮನ ಅಂಗಡಿಯಲ್ಲಿ ಪಂಕ್ಚರ್ ತೆಗೆಯುತ್ತಾನೆ. ಟ್ಯೂಬು ನೀರಿಗಿಟ್ಟು ಗುಳ್ಳೆ ನೋಡಿದರಾಯಿತು, ಆ ಕೆಲಸಕ್ಕೆ ಕಿವಿ ಬೇಕಿಲ್ಲ. ಹೋದ ತಿಂಗಳು ಅವನ ಪಕ್ಕ ಕೂತು ಊರಿನ ಸುದ್ದಿ ಹೇಳುತ್ತಿದ್ದೆ. ಅವನು ನೀರು ನೋಡುತ್ತ ತಲೆಯಾಡಿಸುತ್ತಿದ್ದ. ನಡುವೆ ನಾನು ಮಾತು ನಿಲ್ಲಿಸಿದೆ. ಅವನು ತಲೆಯಾಡಿಸುತ್ತಲೇ ಇದ್ದ.