ದಂಡೆಯ ಮೇಲಿನ ಕೂಗು

ಈಜು, ಸೈಕಲ್ಲು, ಓಟ ಮೂರನ್ನೂ ವರ್ಷಗಟ್ಟಲೆ ನಾನೊಬ್ಬನೇ ಮಾಡುತ್ತ ಬಂದವನು. ರಬಕವಿಯ ಹೊಳೆಯಲ್ಲಿ ಈಜುವಾಗ ಮಾತ್ರ ನನ್ನ ಹೆಂಡತಿ ನನ್ನ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ದಂಡೆಯಲ್ಲಿ ಕೂಡುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಅವಳು ತೀರಿಕೊಂಡ ಮೇಲೆ ನಾನು ನೀರಿಗೆ ಇಳಿದಿರಲಿಲ್ಲ. ದಂಡೆಯಲ್ಲಿ ಯಾರಾದರೂ ಬೇಕಿತ್ತು. ಅದಕ್ಕೇ ಬನಹಟ್ಟಿಯ ಟ್ರಯಥ್ಲಾನ್ ಕ್ಲಬ್ಬಿಗೆ ಸೇರಿದೆ.

ಅಲ್ಲಿ ಒಬ್ಬ ಈಜಿದರೆ ಇನ್ನೊಬ್ಬ ದಂಡೆಯಲ್ಲಿ ಕಾಯಬೇಕು. ನನ್ನ ಪಾಲಿಗೆ ಬಂದವನು ನೇಕಾರ ಮಲ್ಲೇಶಿ. ಮಗ್ಗದ ಸದ್ದಿನಲ್ಲಿ ಬೆಳೆದ ದನಿ. ನಾನು ನಾಲ್ಕು ಕೈ ಹಾಕುವಷ್ಟರಲ್ಲಿ ಕೂಗುತ್ತಿದ್ದ.

"ಕಾಕಾ, ಅದೀರೇನ್ರೀ?"

ನಾನು ಈಜು ನಿಲ್ಲಿಸಿ ಕೈ ಎತ್ತಬೇಕು. ಎತ್ತದಿದ್ದರೆ ಚಪ್ಪಲಿ ಬಿಟ್ಟು ನೀರಿಗೇ ಬರುತ್ತಿದ್ದ.

"ತಲಿ ಕಾಣಾಕತ್ತಿಲ್ಲೇನ್ಲೇ?"

"ತಲಿ ಕಾಣತೈತ್ರೀ. ಜೀವ ಐತೋ ಇಲ್ಲೋ ಕೇಳಾಕತ್ತೇನಿ."

ಒಂದು ದಿನ ತಲೆ ಕೆಟ್ಟು ಬೈದೆ. "ಬಾಯಿ ಮುಚ್ಚಿ ಕೂಡು. ನನ್ನ ಹೇಣ್ತಿ ಒಂದಿನಾನೂ ಹಿಂಗ ಒದರಿದಾಕಿ ಅಲ್ಲ."

"ಅವ್ರಿಗೆ ನೀವು ಗೊತ್ತಿದ್ರಿ, ಕಾಕಾ. ನನಗ ಹೊಸಬ್ರು."

ಮರುದಿನವೂ ಕೂಗಿದ.

ಮೊನ್ನೆ ನೆಗಡಿಯಾಗಿ ಅವನ ಗಂಟಲು ಕಟ್ಟಿತ್ತು. ಹೊಳೆ ಮೊದಲಿನ ಹಾಗೆ ಸುಮ್ಮನಿತ್ತು. ನನಗೆ ಬೇಕಾಗಿದ್ದೂ ಅದೇ. ಆದರೂ ನಡುವಿಗೆ ಹೋಗುವ ಮೊದಲೇ ನಿಂತು ತಿರುಗಿದೆ.

"ಮಲ್ಲೇಶಿ, ಅದಿಯೇನ್ಲೇ?"

ಅವನು ತೊಡೆಯ ಮೇಲಿದ್ದ ನನ್ನ ಅಂಗಿಯನ್ನು ಎತ್ತಿ ಬೀಸಿದ. ನಾನು ಮುಂದಕ್ಕೆ ಈಜಿದೆ.

ಅದೇ ಅಂಗಿಯಲ್ಲಿ ಮೂಗು ಒರೆಸಿಕೊಂಡಿದ್ದಾನೆ ಎಂಬುದು ಹಾಕಿಕೊಂಡ ಮೇಲೆ ಗೊತ್ತಾಯಿತು.