ಇನ್‌ಸ್ಪೆಕ್ಟರ್ ಬರುವ ದಿನದ ಜ್ವರ

ನನ್ನ ಮಗಳಿಗೆ ವರ್ಷಕ್ಕೊಮ್ಮೆ ತಪ್ಪದೆ ಜ್ವರ ಬರುತ್ತಿತ್ತು. ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ. ಬರಿಸುತ್ತಿದ್ದವಳು ನಾನೇ. ಈಗ ನೆನೆದರೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹಲಸೂರು ಕೆರೆಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಗುಮಾಸ್ತರು. ಮಗಳಿಗೆ ಒಂಬತ್ತು ವರ್ಷ, ಇನ್ನೂ ಎರಡನೇ ಕ್ಲಾಸು. ಹೂವಿನವಳ ಜೊತೆ ತಮಿಳು, ಪಕ್ಕದ ಮನೆಯವರ ಜೊತೆ ಉರ್ದು, ಎಲ್ಲ ಲೀಲಾಜಾಲ. ಆದರೆ ಬೆಳಿಗ್ಗೆ ಕಲಿತ ಅಕ್ಷರ ಸಂಜೆಗೆ ತಲೆಯಲ್ಲಿ ಇರುತ್ತಿರಲಿಲ್ಲ. ಬುದ್ಧಿ ಚುರುಕಾಗಲಿ ಅಂತ ನಮ್ಮತ್ತೆ ದಿನಾ ಬಜೆ ತೇದು ಅವಳ ನಾಲಿಗೆಗೆ ತಿಕ್ಕುತ್ತಿದ್ದರು. ನಾಲಿಗೆ ಉರಿದು ಅವಳು ಕೊಸರಾಡಿದರೆ ಗಲ್ಲ ಹಿಡಿದುಕೊಳ್ಳುತ್ತಿದ್ದವಳೂ ನಾನೇ.

ಒಂದು ದಿನ ಟೀಚರ್ ನನ್ನನ್ನು ಗೇಟಿನ ಪಕ್ಕಕ್ಕೆ ಕರೆದರು.

“ನಾಳೆ ಇನ್‌ಸ್ಪೆಕ್ಟರ್ ಬರ್ತಿದ್ದಾರೆ ಕಣ್ರೀ. ನಿಮ್ಮ ಮಗೂನ ಎಬ್ಬಿಸಿ ಓದು ಅಂದ್ರೆ ನನ್ನ ಮಾನ ಹೋಗುತ್ತೆ. ಒಂದಿನ ಮನೇಲೇ ಇಟ್ಕೊಂಡ್ಬಿಡಿ. ಜ್ವರ ಅಂತ ಲೀವ್ ಲೆಟರ್ ಕೊಟ್ರೆ ಸಾಕು.”

ಎಷ್ಟು ನಯ, ಎಂಥ ನಗು! ಮುಖಕ್ಕೆ ಉಗಿಯಬೇಕಿತ್ತು. ಎಲ್ಲಿ ಶಾಲೆಯಿಂದ ಹೆಸರು ತೆಗೆದುಬಿಡುತ್ತಾರೋ ಅಂತ ಹೆದರಿ, ನಾನು ಹಲ್ಲು ಕಿರಿದು “ಆಗ್ಲಿ ಟೀಚರ್” ಎಂದೆ.

ಮರುದಿನ ಅವಳು ಒಗೆದ ಯೂನಿಫಾರ್ಮ್ ಹಾಕಿಕೊಂಡು, ರಿಬ್ಬನ್ ಹಿಡಿದು ನಿಂತಿದ್ದಳು.

“ಇವತ್ತು ಬೇಡ. ನಿಂಗೆ ಜ್ವರ.”

“ಇಲ್ಲಮ್ಮ, ಮುಟ್ಟಿ ನೋಡು.”

“ಇದೆ ಅಂದ್ನಲ್ಲ, ಮಲ್ಕೋ.”

ರೋಗಿಗೆ ಕೊಡುವ ಹಾಗೆ ಹಾಲು, ಬ್ರೆಡ್ಡು ಕೊಟ್ಟೆ. ಮುಂದಿನ ವರ್ಷ ಟೀಚರ್ ಹೇಳುವ ಮೊದಲೇ ನಾನೇ ಲೆಟರ್ ಬರೆದಿಟ್ಟಿದ್ದೆ. ಅಷ್ಟು ಚೆನ್ನಾಗಿ ಪಳಗಿದ್ದೆ.

ಆ ವರ್ಷ ಗಣೇಶನ ಹಬ್ಬಕ್ಕೆ ಯಜಮಾನರ ಆಫೀಸರು ಹೆಂಡತಿ ಸಮೇತ ನಮ್ಮ ಮನೆಗೆ ಬಂದರು. ಕಾರು ನಿಂತ ಸದ್ದಿಗೆ ಮಗಳು ಕಿಟಕಿಯಿಂದ ಇಣುಕಿದಳು. ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ಹಾಕಿ, ಒಳಕೋಣೆಗೆ ಓಡಿ, ಚಾಪೆ ಹಾಸಿಕೊಂಡು ತಲೆತುಂಬ ಹೊದ್ದು ಮಲಗಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. “ದೊಡ್ಡೋರು ಬಂದಿದ್ದಾರಲ್ಲಮ್ಮ” ಎಂದಳು ಮೆಲ್ಲಗೆ.

ಎಬ್ಬಿಸಿ ಕರೆದುಕೊಂಡು ಬರಬೇಕು ಎಂದುಕೊಂಡೆ, ನಿಜವಾಗಿಯೂ ಎಂದುಕೊಂಡೆ. ಅಷ್ಟರಲ್ಲಿ ಆಫೀಸರ ಹೆಂಡತಿ ಬಾಗಿಲಲ್ಲಿ ನಿಂತು, “ಯಾಕ್ರೀ, ಮಗು ಮಲಗಿದೆ?” ಎಂದರು.

“ಜ್ವರ” ಎಂದಿತು ನನ್ನ ಬಾಯಿ.

ನಾನು ಹೇಳಿದ್ದು ನಿಜ ಅನ್ನಿಸಲೆಂದು, ಹೊದಿಕೆಯೊಳಗಿಂದ ಅವಳು ಎರಡು ಸಲ ಕೆಮ್ಮಿದಳು.