ಓಣಿಯ ಎರಡನೇ ಒಲೆ

ನಿಮ್ಮ ಕೆಲಸ ಆಗುವುದಿಲ್ಲ ಎಂದು ತಾಲ್ಲೂಕು ಕಚೇರಿಯಲ್ಲಿ ಯಾರೂ ನಮಗೆ ಹೇಳಲಿಲ್ಲ. ಹೇಳಿದ್ದರೆ ಜಗಳ ಮಾಡುತ್ತಿದ್ದೆ. ಜಗಳ ನನಗೆ ಬರುತ್ತದೆ. ಚನ್ನಗಿರಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡು, ತೋಳು ಬಿಗಿಯಾಯಿತು ಎಂದು ಏರಿ ಬರುವ ಹೆಂಗಸರನ್ನೆಲ್ಲ ಸಂಭಾಳಿಸಿದವಳು ನಾನು. ಆದರೆ ಕೂರಿಸಿ, ಚಾ ತರಿಸಿ, "ಮಾಡಾಣ ಬಿಡ್ರಿ" ಅನ್ನುವವರ ಹತ್ತಿರ ಜಗಳ ತೆಗೆಯುವುದು ಹೇಗೆ?

ಆಗಬೇಕಿದ್ದ ಕೆಲಸ ಇಷ್ಟೆ. ನನ್ನ ರೇಷನ್ ಕಾರ್ಡಿಗೆ ಇನ್ನೊಬ್ಬಳ ಹೆಸರು ಸೇರಬೇಕಿತ್ತು. ನಾನು ಹೊನ್ನಾಳಿಯವಳು, ಅವಳು ಜಗಳೂರು ಕಡೆಯವಳು. ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ನಾವಿಬ್ಬರೂ ಗಂಡ ಹೆಂಡತಿ ಇರುವ ಹಾಗೆ ಒಂದೇ ಮನೆಯಲ್ಲಿದ್ದೇವೆ, ವರ್ಷಗಳಾದವು. ಓಣಿಯವರು ಕೇಳಿಲ್ಲ, ನಾವು ಹೇಳಿಲ್ಲ. ಅವಳು ಮನೆ ಬಿಟ್ಟು ಬಂದ ಸಿಟ್ಟಿಗೆ ಅವಳ ಅಣ್ಣ ತನ್ನ ಕಾರ್ಡಿನಿಂದ ಅವಳ ಹೆಸರು ತೆಗೆಸಿಹಾಕಿದ್ದ. ಹೋದರೆ ಹೋಗಲಿ ಎಂದು ನಾವೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಅವಳ ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ತಡ ಮಾಡದೆ ತೆಗೆಸಿ ಎಂದರು ದಾವಣಗೆರೆಯ ಡಾಕ್ಟರು. ಸರ್ಕಾರದ ಯೋಜನೆಯಲ್ಲಿ ಆಪರೇಷನ್ ಆಗಬೇಕಾದರೆ ಅವಳ ಹೆಸರು ಯಾವುದಾದರೂ ಬಿಪಿಎಲ್ ಕಾರ್ಡಿನಲ್ಲಿ ಇರಲೇಬೇಕು. ಹೊಸ ಕಾರ್ಡು ಕೊಡುವುದನ್ನು ಆಗ ನಿಲ್ಲಿಸಿದ್ದರು. ಉಳಿದದ್ದು ನನ್ನ ಕಾರ್ಡು.

ನಮ್ಮಂಥವರ ಮದುವೆಯನ್ನು ಸುಪ್ರೀಂ ಕೋರ್ಟು ಒಪ್ಪಿರಲಿಲ್ಲ. ಆದರೆ ಇವರು ಕೂಡಿ ಬದುಕಬಹುದು, ಯಾರೂ ಕಾಡಬಾರದು, ಇವರ ಕಷ್ಟಗಳನ್ನು ಸರ್ಕಾರ ನೋಡಬೇಕು ಎಂದಿತ್ತು. ಆಮೇಲೆ, ರೇಷನ್ ಕಾರ್ಡಿನ ಮಟ್ಟಿಗೆ ಇಂಥ ಇಬ್ಬರನ್ನು ಒಂದೇ ಮನೆಯವರೆಂದು ಪರಿಗಣಿಸಿ ಎಂದು ದಿಲ್ಲಿಯಿಂದ ರಾಜ್ಯಗಳಿಗೆ ಸೂಚನೆ ಹೋಯಿತು. ಗಂಡ ಹೆಂಡತಿ ಅಲ್ಲ, ಆದರೆ ಒಂದೇ ಮನೆಯವರು. ಇದು ಕೊಟ್ಟದ್ದೋ ಕಸಿದದ್ದೋ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಸೂಚನೆಯ ಪ್ರಿಂಟ್ ತೆಗೆಸಿಕೊಂಡು ಕಚೇರಿಗೆ ಹೋದೆ.

ಫುಡ್ ಇನ್ಸ್‌ಪೆಕ್ಟರು ನ್ಯಾಮತಿ ಊರಿನವರು, ನನಗಿಂತ ಚಿಕ್ಕವರು. ಹಾಳೆಯನ್ನು ಪೂರ್ತಿ ಓದಿ, ಮಡಚಿ, ನನಗೇ ವಾಪಸ್ ಕೊಟ್ಟರು.

"ಇದು ದಿಲ್ಲಿದು ಅಕ್ಕ. ನಮಗೆ ನಮ್ಮ ಮೇಲಿನೋರು ಹೇಳ್ಬೇಕು. ಇನ್ನೂ ಹೇಳಿಲ್ಲ."

"ಅಷ್ಟು ದೊಡ್ಡ ಕೋರ್ಟು ಹೇಳಿದ ಮೇಲೂ ಇನ್ಯಾರು ಹೇಳ್ಬೇಕು ಸಾರ್?"

"ಕೋರ್ಟು ಅಲ್ಲೈತೆ. ನನ್ನ ಟೇಬಲ್ ಇಲ್ಲೈತೆ," ಎಂದು ಬೇಸರದಿಂದಲೇ ಹೇಳಿದರು. "ತಂಗಿ ಅಂತ ಸೇರ್ಸಾಣ ಅಂದ್ರೆ ನಿಮ್ಮಿಬ್ರ ಜಾತಿ ಸರ್ಟಿಫಿಕೇಟ್ ಬೇರೆ ಬೇರೆ. ಒಂದು ಕೆಲ್ಸ ಮಾಡ್ರಿ, ನಾನೇ ಮನೆಗೆ ಬಂದು ನೋಡ್ತೀನಿ. ಒಂದೇ ಒಲೆ ಇದ್ರೆ ಒಂದೇ ಸಂಸಾರ. ನಮ್ಮ ಲೆಕ್ಕ ಒಲೇದು."

ನನಗೆ ಹೋದ ಜೀವ ಬಂದಂತಾಯಿತು. ನಮ್ಮ ಮನೆಯಲ್ಲಿರುವುದು ಒಂದೇ ಒಲೆ.

ಆದರೆ ನಮ್ಮ ಓಣಿಯಲ್ಲಿ ಇನ್ನೊಂದು ಒಲೆ ಇದೆ. ಒಂದೇ ಬರ್ನರಿನ ಹಳೆಯ ಒಲೆ, ಯಾರದ್ದೆಂದು ಯಾರಿಗೂ ನೆನಪಿಲ್ಲ. ಮದುವೆಯಾದ ಮಗ ಬೇರೆ ಕಾರ್ಡು ಮಾಡಿಸಬೇಕೆಂದರೆ, ಇನ್ಸ್‌ಪೆಕ್ಷನ್ ದಿನ ಆ ಒಲೆ ಆ ಮನೆಗೆ ಹೋಗುತ್ತದೆ. ಮೇಲೊಂದು ಪಾತ್ರೆ ಇಟ್ಟರೆ ಬೇರೆ ಸಂಸಾರ. ಸಾಹೇಬರು ಹೋದ ಮೇಲೆ ಒಲೆಯೂ ಹೊರಡುತ್ತದೆ. ಓಣಿಗೆಲ್ಲ ಚಿಕ್ಕಮ್ಮನಂತಿರುವ ಎದುರು ಮನೆಯ ಖಾಲಾ ಹತ್ತಿರ ನಮ್ಮ ಕೀ ಒಂದು ಇರುತ್ತದೆ. ಕಾರ್ಡಿನ ಸಾಹೇಬರು ಬರುತ್ತಾರೆ ಎಂಬುದಷ್ಟೇ ಅವರ ಕಿವಿಗೆ ಬಿದ್ದಿತ್ತು. ಪಾಪ, ಕಾರ್ಡಿನ ಸಾಹೇಬರಿಗೆ ಒಂದೇ ಒಲೆ ತೋರಿಸಬೇಕಾದವರೂ ಇರುತ್ತಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಬರುವ ದಿನ ನಾವಿಬ್ಬರೂ ಕೆಲಸದಿಂದ ಓಡಿ ಬರುವಷ್ಟರಲ್ಲಿ ಇನ್ಸ್‌ಪೆಕ್ಟರ ಬೈಕು ಬಾಗಿಲಲ್ಲಿತ್ತು. ಒಳಗೆ ಕಿಟಕಿಯ ಕೆಳಗೆ ಎರಡನೇ ಒಲೆ, ಪಕ್ಕದಲ್ಲಿ ಉಪ್ಪಿನ ಡಬ್ಬಿ, ನಡುವೆ ಅಡ್ಡ ಕಟ್ಟಿದ ಬೆಡ್‌ಶೀಟು. ಖಾಲಾ ಎಲ್ಲವನ್ನೂ ಹೆಮ್ಮೆಯಿಂದ ತೋರಿಸುತ್ತಿದ್ದರು.

ಇನ್ಸ್‌ಪೆಕ್ಟರು ಒಲೆ ನೋಡಿ ನಕ್ಕರು. "ಈ ಒಲೆ ನಂಗೆ ಗುರುತೈತೆ," ಎಂದರು. ಹಾಗೆನ್ನುತ್ತಲೇ ಎರಡು ಒಲೆ, ಎರಡು ಸಂಸಾರ ಎಂದು ಬರೆದುಕೊಂಡರು.

"ಸಾರ್, ಅದು ಓಣಿ ಒಲೆ. ನಿಮಗೇ ಗೊತ್ತೈತಲ್ಲ."

"ಗೊತ್ತಿರೋದು ಬೇರೆ, ಕಂಡಿದ್ದು ಬೇರೆ ಅಕ್ಕ. ನಾನು ಕಂಡಿದ್ದು ಬರೀಬೇಕು."

ಖಾಲಾ ಮುಖ ಸಣ್ಣದಾಯಿತು. "ನಾನೇ ಇಟ್ಟಿದ್ದು ಸಾಬ್, ಇವರ್ದೇನೂ ತಪ್ಪಿಲ್ಲ," ಎಂದರು. ಯಾರ ಮಾತೂ ನಡೆಯಲಿಲ್ಲ. ಎಲ್ಲರ ಮನೆಯಲ್ಲಿ ಸುಳ್ಳಾಗಿದ್ದೂ ನಡೆದುಹೋಗುತ್ತಿದ್ದ ಒಲೆ ನಮ್ಮ ಮನೆಯಲ್ಲಿ ಮಾತ್ರ ನಿಜವಾಗಿಬಿಟ್ಟಿತು. ಅದಕ್ಕಿಂತ ನನ್ನನ್ನು ಗೊಂದಲಕ್ಕೆ ಕೆಡವಿದ್ದು ಇನ್ಸ್‌ಪೆಕ್ಟರ ಮುಖ. ಆ ಒಲೆ ಸಿಕ್ಕಿದ್ದು ಅವರಿಗೆ ದೊಡ್ಡ ಭಾರ ಇಳಿಸಿದಂತೆ ಕಾಣುತ್ತಿತ್ತು.

ಹೊಟ್ಟೆ ಹಿಡಿದುಕೊಂಡು ಕೂತಿದ್ದ ಅವಳು ಆಗ ಬಾಯಿ ಬಿಟ್ಟಳು. "ಒಲೆ ಬಿಡ್ರಿ ಸಾರ್. ನಾನು ಇವಳ ಜೊತೆ ಸಂಸಾರ ಮಾಡ್ತಿದೀನಿ. ಅದನ್ನ ಬರ್ಕಳ್ರಿ."

ಅವರು ಬರೆದುಕೊಳ್ಳಲಿಲ್ಲ. ಗೋಡೆ ನೋಡುತ್ತಾ, ಖಾಲಾ ಕೊಟ್ಟಿದ್ದ ಚಾ ಕುಡಿದು ಮುಗಿಸಿದರು. "ಆಪರೇಷನ್ ಯಾವಾಗ ಅಂದ್ರಿ?" ಎಂದು ಕೇಳಿ, ಹೇಳಿದ್ದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡು ಹೋದರು.

ಅದೇ ವಾರ ಇನ್ಸ್‌ಪೆಕ್ಟರ ಫೋನು ಬಂತು. "ಜಗಳೂರು ಆಫೀಸಿಗೆ ಮಾತಾಡೀನಿ, ಅವರಣ್ಣನ್ನೂ ಒಪ್ಸೀನಿ. ಅವರಣ್ಣನ ಕಾರ್ಡಿಗೇ ಹೆಸರು ವಾಪಸ್ ಸೇರೈತೆ. ಆಸ್ಪತ್ರೆ ಸಹಿಗೂ ಅಣ್ಣನೇ ಬರ್ತಾರೆ. ಇನ್ನೇನು ಚಿಂತಿಲ್ಲ ಬಿಡ್ರಿ." ಒಂದು ಪೈಸೆ ಕೇಳಲಿಲ್ಲ. ನಾನು ಥ್ಯಾಂಕ್ಸ್ ಅಂದೆ. ಫೋನಿಟ್ಟು, ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ, ಯಾಕೆ ಬೈದೆ ಎಂದು ಯೋಚಿಸುತ್ತಾ ಕೂತೆ. ಇಲ್ಲಿ ಆಗದ ಕೆಲಸ ಅಲ್ಲಿ ಆಗಿತ್ತು. ಅವಳು ಬದುಕುತ್ತಾಳೆ, ಆದರೆ ಜಗಳೂರಿನ ಮನೆಯವಳಾಗಿ.

"ನನ್ನ ಉಳಿಸಾಕೆ ಸಾಹೇಬ್ರು ಎಷ್ಟು ಓಡಾಡ್ಯಾರೆ ನೋಡು," ಎಂದಳು ಅವಳು. "ನಿನ್ನ ಹೆಸ್ರಿನ ಕೆಳಗೆ ನನ್ನ ಹೆಸ್ರು ಬರೆಯಾಕೆ ಮಾತ್ರ ಕೈ ಬರ್ಲಿಲ್ಲ."

ನನಗೆ ಹೆದರಿಕೆ ಹತ್ತಿದ್ದೇ ಆಗ. ಕಾಗದದ ಮೇಲೆ ಅವಳೀಗ ಅಣ್ಣನ ಮನೆಯ ಹೆಣ್ಣುಮಗಳು. ಆಪರೇಷನ್ ಮುಗಿಸಿ, ನಡಿ ಮನೆಗೆ ಎಂದು ಅವನು ಎಬ್ಬಿಸಿಕೊಂಡು ಹೊರಟರೆ ತಡೆಯಲು ನಾನ್ಯಾರು? ದಾವಣಗೆರೆ ಮುಟ್ಟುವತನಕ ಬಸ್ಸಿನಲ್ಲಿ ಅವನನ್ನು ಬೈಯಲು ಮಾತು ಜೋಡಿಸುತ್ತಾ ಹೋದೆ.

ಅವನು ಬಂದ, ಸಹಿ ಹಾಕಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಪರೇಷನ್ ಸುಸೂತ್ರವಾಗಿ ಆಯಿತು. ಅವನು ಹೊರಗೆ ಬೆಂಚಿನ ಮೇಲೆ ಮಲಗಿದ, ನಾನು ಒಳಗೆ ಅವಳ ಮಂಚದ ಪಕ್ಕ. ಗಂಜಿ ಕುಡಿಸಿದ್ದು, ಎಬ್ಬಿಸಿ ನಡೆಸಿದ್ದು ನಾನು. ಬಾಗಿಲಿಂದ ಅವನು ಅದನ್ನೆಲ್ಲ ನೋಡುತ್ತಿದ್ದ.

ಡಿಸ್ಚಾರ್ಜ್ ದಿನ ಸಿಸ್ಟರು ಬಂದು, ಪೇಷೆಂಟ್ ಕಡೆಯವರು ಯಾರು ಎಂದರು. ಕೈಲಿದ್ದ ಕಾಗದ ನೋಡಿ ಅವನ ಹೆಸರನ್ನೇ ಕೂಗಿದರು. ಅವನು ಎದ್ದ. ನಾನೂ ಎದ್ದೆ. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ, ಎಷ್ಟು ದಿನ ಭಾರ ಎತ್ತಬಾರದು, ಸಿಸ್ಟರು ಅವನಿಗೆ ಹೇಳತೊಡಗಿದರು. ಅವನು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಮಾತ್ರೆಯ ಕವರನ್ನು ನನ್ನ ಕಡೆ ಚಾಚಿದ.

"ಇವ್ರಿಗೆ ಹೇಳ್ರಿ ಸಿಸ್ಟರ್," ಎಂದ, ನೆಲ ನೋಡುತ್ತಾ. "ನೋಡ್ಕಳೋರು ಇವ್ರು. ನಾನು ಸಹಿಗೆ ಬಂದೋನು."